ಕ್ರೈಸ್ತ ನೆರೆಮನೆಯವರ ಅಂತಿಮ ದರ್ಶನಕ್ಕೆ ರೀತ್: ಹುಲ್ಲಿನ ಬಳೆಯದೋ, ಫೋಮ್‌ನದೋ?

ಪಕ್ಕದ ಮನೆಯ ಕ್ರೈಸ್ತ ಹಿರಿಯರು ತೀರಿಕೊಂಡರೆ ಏನು ಒಯ್ಯಬೇಕೆಂದು ಹಿಂದೂ ಮನೆಗಳಲ್ಲಿ ಗೊಂದಲ. ವಾಡಿಕೆಯಲ್ಲಿರುವುದು ಪುಷ್ಪಚಕ್ರ, ಹೂವಿನಂಗಡಿಯಲ್ಲಿ ಅದಕ್ಕೆ ರೀತ್ ಅಂತಲೇ ಹೆಸರು. ಬೆಂಗಳೂರಿನಲ್ಲಾದರೆ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಮತ್ತು ಸೇಂಟ್ ಮೇರಿ ಬೆಸಿಲಿಕಾದ ಆಸುಪಾಸಿನಲ್ಲಿ ವಿಚಾರಿಸಿ.

ಎರಡು ಬಗೆ ಸಿಗುತ್ತವೆ. ಒಣಹುಲ್ಲನ್ನು ಬಳೆಯಂತೆ ಸುತ್ತಿ, ತಂತಿ ಬಿಗಿದು, ಎಲೆ ಹೊದಿಸಿ ಹೂ ಕಟ್ಟಿದ್ದು ಒಂದು. ನೀರು ಹೀರುವ, ಸ್ಪಂಜಿನಂಥ ಹಸಿರು ಫೋಮ್‌ಗೆ ನೀರು ಕುಡಿಸಿ ಹೂವಿನ ತೊಟ್ಟು ಚುಚ್ಚಿದ್ದು ಇನ್ನೊಂದು. ನಮ್ಮ ಮತ ಹುಲ್ಲಿಗೇ.

ಫೋಮ್ ಕೈಕೊಡುವುದು ಅವಸರದಲ್ಲಿ. ಅದನ್ನು ಬಕೆಟ್ ನೀರಿನ ಮೇಲೆ ಸುಮ್ಮನೆ ತೇಲಿಬಿಡಬೇಕು, ತಾನಾಗಿಯೇ ಮುಳುಗಬೇಕು. ಕೈಯಿಂದ ಅದುಮಿದರೆ ಹೊರಮೈ ಮಾತ್ರ ನೆನೆದು ಒಳಗೆ ಗಾಳಿ ಉಳಿಯುತ್ತದೆ. ಆ ಒಣ ಜಾಗಕ್ಕೆ ತೊಟ್ಟು ಊರಿದ ಜರ್ಬೆರಾ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕತ್ತು ಬಾಗಿಸಿರುತ್ತದೆ. ಒಮ್ಮೆ ಒಣಗಿದ ಫೋಮ್ ಮತ್ತೆ ಸರಿಯಾಗಿ ನೀರು ಎಳೆಯುವುದಿಲ್ಲ. ಚೆನ್ನಾಗಿ ನೆನೆದದ್ದಾದರೆ ಭಾರ ಹೆಚ್ಚು. ಶವಪೆಟ್ಟಿಗೆಯ ಬಿಳಿ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುವ ಭಯ ಬೇರೆ. ಸಮಾಧಿಯ ಮೇಲೆ ಬಿಟ್ಟು ಬಂದರೆ ಅದು ಕೊಳೆಯುವುದೂ ಇಲ್ಲ.

ಹುಲ್ಲಿನದು ಹಗುರ, ಸೋರುವುದಿಲ್ಲ. ಹೂವಿಗೆ ನೀರು ಸಿಗದ ಕಾರಣ ಅಂದೇ ಕಟ್ಟಿಸಬೇಕು, ಬಾಡದೆ ನಿಲ್ಲುವ ಹೂವನ್ನೇ ಆರಿಸಬೇಕು. ಬಿಳಿ ಸೇವಂತಿಗೆ ಎಲ್ಲಕ್ಕಿಂತ ಗಟ್ಟಿ. ಸುಗಂಧರಾಜ ಚೆಂದ, ಆದರೆ ಬಿಸಿಲು ತಗುಲಿದರೆ ಅಂಚು ಕಂದುತ್ತದೆ. ಒಂದೂವರೆ ಅಡಿ ಅಡ್ಡಳತೆಯ ಬಳೆಯ ಸುತ್ತಳತೆ ಸುಮಾರು 56 ಅಂಗುಲ. 2 ಅಂಗುಲದ ಸೇವಂತಿಗೆಯಾದರೆ ಎರಡು ಸಾಲಿಗೆ 55–60 ಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಎಲೆಯೇ ಎದ್ದು ಕಾಣುತ್ತದೆ. ಮಿನುಗುಪುಡಿ ಬೇಡವೆಂದು ಮೊದಲೇ ಹೇಳಿ. ವರಮಹಾಲಕ್ಷ್ಮಿ ಹಬ್ಬದ ಸುಮಾರಿಗೆ ಹೂವಿನ ದರ ಏರಿರುತ್ತದೆ.

ರಿಬ್ಬನ್ ಮೇಲೆ ಹೆಚ್ಚು ಗಮನವಿರಲಿ. 'ಶ್ರದ್ಧಾಂಜಲಿ' ಎಂಬ ಮಾತು, ತೀರಿಕೊಂಡವರ ಹೆಸರು, ಕೆಳಗೆ ನಿಮ್ಮ ಮನೆ ಅಥವಾ ಬೀದಿಯ ಹೆಸರು, ಇಷ್ಟೇ ಸಾಕು. ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದರೆ 'ಶ್ರದ್ಧಾಂಜಲಿ' ಹೋಗಿ 'ಶೃದ್ದಾಂಜಲಿ' ಆಗಿಬಿಡುತ್ತದೆ. ಸ್ಯಾಟಿನ್ ಬಟ್ಟೆಯ ಮೇಲೆ ಮಾರ್ಕರ್ ಶಾಯಿ ಹರಡುವುದರಿಂದ ಅಂಟಿಸುವ ಅಕ್ಷರವೇ ವಾಸಿ. ಹಣ ಕೊಡುವ ಮೊದಲು ಹೆಸರನ್ನು ಅಕ್ಷರಕ್ಷರ ಓದಿನೋಡಿ. ದುಃಖದಲ್ಲಿರುವ ಮನೆಯವರ ಕಣ್ಣು ಮೊದಲು ಹೋಗುವುದು ಆ ಹೆಸರಿನ ಮೇಲೆ.

ಒಯ್ಯುವಾಗ ಪ್ಲಾಸ್ಟಿಕ್ ಸುತ್ತಿಸಬೇಡಿ, ಒಳಗೆ ಬೆವರಿ ಎಸಳು ಕಲೆಗಟ್ಟುತ್ತದೆ. ಸ್ಕೂಟರ್‌ಗಿಂತ ಆಟೋ ಮೇಲು, ಗಾಳಿಗೆ ಹೂ ಉದುರುವುದಿಲ್ಲ.

ಎಲ್ಲ ಕ್ರೈಸ್ತ ಮನೆಗಳಲ್ಲೂ ಒಂದೇ ಪದ್ಧತಿಯಿಲ್ಲ. ಕೆಲವರಿಗೆ ಹೂವು, ಮೇಣದಬತ್ತಿ ಬೇಡ. ಸಾವಿನ ಸುದ್ದಿಯ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಬರಿಗೈಯಲ್ಲಿ ಹೋಗಿ ನಿಂತರೆ ಸಾಕು. ಹೂ ಒಪ್ಪುವ ಮನೆಯಾದರೆ ರೀತ್ ಅನ್ನು ನೀವೇ ಮೈಮೇಲೆ ಇಡಬೇಡಿ. ಮನೆಯವರ ಕೈಗೆ ಕೊಡಿ, ಇಲ್ಲವೇ ಕೇಳಿ ಕಾಲ ಬಳಿ ಒರಗಿಸಿ. ಪೆಟ್ಟಿಗೆಯ ಶಿಲುಬೆ ಮುಚ್ಚದಿರಲಿ. ಅರಿಶಿನ ಕುಂಕುಮ, ಅಗರಬತ್ತಿ ಒಯ್ಯುವುದು ಬೇಡ.

ಇದೇ ರೀತ್ ಅನ್ನು ಮುಸ್ಲಿಂ ನೆರೆಯವರ ಮನೆಗೆ ಒಯ್ಯಬೇಡಿ, ಅಲ್ಲಿ ಆ ರೂಢಿಯಿಲ್ಲ. ಅಲ್ಲಿ ದಫನ್, ಅಂದರೆ ಹೂಳುವುದು, ಬೇಗ, ಎಷ್ಟೋ ಸಲ ಅದೇ ದಿನ ಮುಗಿಯುತ್ತದೆ. ಅವರಿಗೆ ಬೇಕಾದದ್ದು ಊಟ. 20 ಜನಕ್ಕೆ 2 ಕಿಲೋ ಅಕ್ಕಿಯ ಪಲಾವ್, ಜೊತೆಗೆ ಮೊಸರು, ಎಲೆ, ಲೋಟ. ಎಷ್ಟು ಹೊತ್ತಿಗೆ ಬೇಕೆಂದು ಮನೆಯ ಹತ್ತಿರದವರೊಬ್ಬರನ್ನು ಕೇಳಿ ಕಳಿಸಿ.

ನಾವು ಕೊಡುವ ಅಂಕ: ಹುಲ್ಲಿನ ರೀತ್‌ಗೆ ಐದಕ್ಕೆ ನಾಲ್ಕೂವರೆ, ಫೋಮ್‌ಗೆ ಎರಡು. ನವೆಂಬರ್ 2ರಂದು ಕ್ಯಾಥೊಲಿಕರು ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಅಂದು ಹೋಗುವುದಾದರೆ ರೀತ್ ಬೇಡ, ಅರ್ಧ ಕಿಲೋ ಬಿಡಿ ಸೇವಂತಿಗೆ ಮತ್ತು ದಪ್ಪನೆಯ ಬತ್ತಿ ಎರಡು ಒಯ್ಯಿರಿ. ತೆಳುವಾದದ್ದು ಗಾಳಿಗೆ ನಿಲ್ಲುವುದಿಲ್ಲ.