ಯಾರ್ಕ್‌ನ ದಿಬ್ಬವೋ, ಹೆನ್ ಡೋಮೆನ್ನೋ?

ಎರಡೂ ನಾರ್ಮನ್ನರು (1066ರಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದವರು) ಮಣ್ಣು ಪೇರಿಸಿ ಕಟ್ಟಿದ ಕೋಟೆದಿಬ್ಬಗಳು, ಎರಡೂ ಸಂರಕ್ಷಿತ. ಒಂದೇ ದಿನವಿದ್ದು, ಕಣ್ಣಿಗೆ ಕಾಣುವ ಕೋಟೆ ಬೇಕಿದ್ದರೆ ಇಂಗ್ಲೆಂಡಿನ ಯಾರ್ಕ್‌ನ ದಿಬ್ಬದ ಮೇಲಿನ ಕಲ್ಲಿನ ಗೋಪುರ ಕ್ಲಿಫರ್ಡ್ಸ್ ಟವರ್ ಸಾಕು: ಟಿಕೆಟ್, 55 ಮೆಟ್ಟಿಲು, 2022ರಲ್ಲಿ ಸೇರಿಸಿದ ಮರದ ಅಟ್ಟಣಿಗೆಯಿಂದ ಇಡೀ ಊರಿನ ನೋಟ. 1190ರಲ್ಲಿ ಯಹೂದಿಗಳ ಹತ್ಯಾಕಾಂಡ ನಡೆದ ಜಾಗವಿದು. ಸುಮ್ಮನೆ ಫೋಟೋ ತೆಗೆದು ಇಳಿಯಬೇಡಿ. ಗೋಡೆಯ ಬಿರುಕನ್ನೂ ನೋಡಿ: ಪೇರಿಸಿದ ಮಣ್ಣು ಕಲ್ಲಿನ ಭಾರ ತಾಳದೆ ಕುಸಿದ ಗುರುತು ಅದು.

ವೇಲ್ಸ್‌ನ ಮಾಂಟ್ಗೊಮೆರಿ ಬಳಿಯ ಹೆನ್ ಡೋಮೆನ್‌ನಲ್ಲಿ ಗೋಡೆಯೇ ಇಲ್ಲ. ಅದರ ಬೆಲೆ ಇರುವುದೇ ಅಲ್ಲಿ. 1223ರಲ್ಲಿ ಹೊಸ ಕಲ್ಲಿನ ಕೋಟೆ ಬೇರೆಡೆ ಎದ್ದಿದ್ದರಿಂದ ಇಲ್ಲಿನ ಮರದ ಕೋಟೆಯ ಪದರಗಳು ಹಾಳಾಗದೆ ಉಳಿದವು. 1960ರಿಂದ ಪುರಾತತ್ವಜ್ಞ ಫಿಲಿಪ್ ಬಾರ್ಕರ್ ತಂಡ ದಶಕಗಳ ಕಾಲ ಅಂಗುಲಂಗುಲ ಅಗೆದು, ಮರದ ಕಂಬಗಳು ನೆಲದಲ್ಲಿ ಬಿಟ್ಟುಹೋದ ಗುಳಿಗಳಿಂದಲೇ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಗುರುತಿಸಿತು. ಕೋಟೆಯ ಅಡಿಯಲ್ಲಿ ಅದಕ್ಕೂ ಹಿಂದಿನ ಉಳುಮೆಯ ಸಾಲುಗಳು ಸಿಕ್ಕವು. ಪುರಾತತ್ವವೇ ಮುಖ್ಯವೆನ್ನುವವರಿಗೆ ನಮ್ಮ ಆಯ್ಕೆ ಇದೇ. ಎಲೆ ಉದುರಿದ ಚಳಿಗಾಲದಲ್ಲಿ ಹೋದರೆ ಕಂದಕ, ಏರಿಗಳು ಸ್ಪಷ್ಟ. ಜಾಗ ಖಾಸಗಿ, ಮೊದಲೇ ಅನುಮತಿ ಕೇಳಿ. ಅಪ್ಪಣೆಯಿಲ್ಲದೆ ಲೋಹಶೋಧಕ ಬಳಸುವುದು ಎರಡೂ ಕಡೆ ಅಪರಾಧ.