ಶೂರ್ ಎಸ್‌ಎಂ58: ಮಲೆನಾಡಿನ ರಾಕ್ ಬ್ಯಾಂಡಿಗೆ ಮೊದಲ ಮೈಕು

ಹೊಸ ರಾಕ್ ಬ್ಯಾಂಡಿನವರ ಮೊದಲ ಗಳಿಕೆ ಸಾಮಾನ್ಯವಾಗಿ ಗಿಟಾರಿನ ದನಿ ಬದಲಿಸುವ ಪೆಡಲಿಗೆ ಹೋಗುತ್ತದೆ. ಹೋಗಬೇಕಾದ್ದು ಮೈಕಿಗೆ. ತೀರ್ಥಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಒಂದು ಸೌಂಡ್ ಸೆಟ್ಟು, ಸಾಗರದ ಕಾಲೇಜಿನಲ್ಲಿ ಇನ್ನೊಂದು, ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಮತ್ತೊಂದು. ಮಿಕ್ಸರು, ಸ್ಪೀಕರು ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ಮೈಕನ್ನಾದರೆ ಚೀಲದಲ್ಲಿ ಹಾಕಿಕೊಂಡು ಹೋಗಬಹುದು. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಮೈಕು ದೊಡ್ಡ ವೇದಿಕೆಗಳಲ್ಲಿ ಈಗಲೂ ಇದೆ. ಹಾಗಾಗಿ ಬ್ಯಾಂಡು ಎಷ್ಟೇ ಬೆಳೆದರೂ ಬದಲಿಸಬೇಕಿಲ್ಲ. ಅಮೆರಿಕದ ರಾಕ್ ಬ್ಯಾಂಡ್ ನಿರ್ವಾನಾದ ಮೊದಲ ಆಲ್ಬಂ 'ಬ್ಲೀಚ್' (1989) ಧ್ವನಿಮುದ್ರಣವಾದದ್ದು 606.17 ಡಾಲರಿನಲ್ಲಿ, ಮುಂದಿನ ಆಲ್ಬಂ 1992ರ ಜನವರಿಯಲ್ಲಿ ಅಲ್ಲಿನ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಸಾಮಾನು ಕಮ್ಮಿಯಿದ್ದರೆ ಬ್ಯಾಂಡು ಹಿಂದೆ ಬೀಳುವುದಿಲ್ಲ.

ಇದು ತಗ್ಗಿನ 50 ಹರ್ಟ್ಸ್‌ನಿಂದ ಕೀರಲಿನ 15 ಕಿಲೋಹರ್ಟ್ಸ್ ತನಕದ ಸದ್ದನ್ನು ಹಿಡಿಯುತ್ತದೆ. ಮಾತು ಸ್ಪಷ್ಟವಾಗುವ ಭಾಗ ತುಸು ಎತ್ತರಿಸಿರುವುದರಿಂದ ಡ್ರಮ್ಮಿನ ಅಬ್ಬರದಲ್ಲೂ ಸಾಹಿತ್ಯ ಕೇಳುತ್ತದೆ. ಮೆಲುದನಿಯಲ್ಲಿ ಹಾಡುವವರಿಗೆ ಮಾತ್ರ ಸ್ವಲ್ಪ ಮಂಕು. ಮೈಕಿನಿಂದ ಹೊರಡುವ ಸಿಗ್ನಲ್ ಕಡಿಮೆ, ಮಿಕ್ಸರಿನಲ್ಲಿ ಅದನ್ನು ಹಿಗ್ಗಿಸುವ ಗೇನ್ ಹೆಚ್ಚೇ ಬೇಕು. ಅಗ್ಗದ ಮಿಕ್ಸರಿನಲ್ಲಿ ಆಗ 'ಶ್‌ಶ್' ಸದ್ದು ಶುರುವಾಗುತ್ತದೆ.

ಪೆಂಡಾಲಿನಲ್ಲಿ ಮೈಕು 'ಕುಂಯ್' ಎಂದರೆ ತಪ್ಪು ಬಹುಪಾಲು ಹಾಡುವವರ ಕೈಯದು. ಜಾಲರಿಯ ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಮೈಕು ಸ್ಪೀಕರಿನದೂ ಸೇರಿ ಎಲ್ಲಾ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಹಿಡಿಯಬೇಕಾದ್ದು ಕೆಳಗಿನ ಹಿಡಿಕೆಯನ್ನು. ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರು ಮೈಕಿನ ಬಾಲದ ನೇರಕ್ಕಿರಲಿ, ಆ ಕಡೆ ಇದು ಹೆಚ್ಚುಕಡಿಮೆ ಕಿವುಡು. ಊರಿನ ಆಂಪ್ಲಿಫೈಯರಿಗೆಂದು ಒಂದು ತುದಿಗೆ ದೊಡ್ಡ ಜ್ಯಾಕ್ ಹಾಕಿದ ಉದ್ದದ ಕೇಬಲ್ ಬಳಸಿದರೆ ಗುಂಯ್‌ಗುಡುವುದು ಖಂಡಿತ. ಐದಾರು ಮೀಟರ್ ದಾಟಿಸಬೇಡಿ. ಎರಡೂ ಕಡೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್ ಇರುವುದೇ ಒಳ್ಳೆಯದು.

ಇನ್ನು ಮಳೆ. ಮಳೆಯೂರು ಎಂದು ಹೆಸರಾದ ಅಮೆರಿಕದ ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು ಸಾವಿರ ಮಿಲಿಮೀಟರ್, ಆಗುಂಬೆಯಲ್ಲಿ ಬೀಳುವುದು ಏಳು ಸಾವಿರದ ಮೇಲೆ. ಈ ಥಂಡಿಗೆ ನಾಜೂಕಾದ ಕಂಡೆನ್ಸರ್ ಬಗೆಯ ಮೈಕು ಚಟಪಟ ಎನ್ನುತ್ತದೆ, ಗಟ್ಟಿಯಾದ ಡೈನಮಿಕ್ ಬಗೆಯ ಇದು ತಡೆದುಕೊಳ್ಳುತ್ತದೆ. ಆದರೆ ಜಾಲರಿಯೊಳಗಿನ ಸ್ಪಂಜು ಎಂಜಲು, ತೇವ ಎರಡನ್ನೂ ಹೀರಿ ನಾರುತ್ತದೆ, ದನಿಯೂ ಮಂಕಾಗುತ್ತದೆ. ಮಳೆಗಾಲದಲ್ಲಿ ನಾಲ್ಕೈದು ಕಾರ್ಯಕ್ರಮಕ್ಕೊಮ್ಮೆ ಜಾಲರಿ ತಿರುಗಿಸಿ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ತೊಳೆಯುವುದು ಜಾಲರಿಯನ್ನಷ್ಟೇ, ಸದ್ದು ಹಿಡಿಯುವ ಒಳಗಿನ ಕ್ಯಾಪ್ಸೂಲಿಗೆ ನೀರು ತಾಗಬಾರದು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಬುದ್ಧಿ ಬೇಡ, ಅದು ಅಡಿಕೆಗೆ ಸರಿ, ಸ್ಪಂಜಿಗೆ ಮಸಿ ಹಿಡಿಯುತ್ತದೆ. ಇಡುವ ಡಬ್ಬಿಯಲ್ಲಿ ತೇವ ಹೀರುವ ಎರಡು ಸಿಲಿಕಾ ಪೊಟ್ಟಣ ಸಾಕು.

ನಕಲಿಗಳು ಬೇಕಾದಷ್ಟಿವೆ. ಅಸಲಿಯ ತೂಕ 298 ಗ್ರಾಂ. ತೀರಾ ಹಗುರವಿದ್ದರೆ, ಅಲುಗಿಸಿದಾಗ ಒಳಗೆ ಕಟಕಟ ಎಂದರೆ ವಾಪಸು ಕೊಡಿ. ಸ್ವಿಚ್ ಇರುವುದೂ ಸಿಗುತ್ತದೆ, ಇಲ್ಲದ್ದನ್ನೇ ಕೊಳ್ಳಿ. ಹಾಡಿನ ಮಧ್ಯೆ ಹೆಬ್ಬೆರಳು ತಾಗಿ ದನಿ ನಿಂತರೆ ಸೌಂಡಿನವರು ಕೇಬಲ್ ಹುಡುಕುತ್ತಾ ಕೂರುತ್ತಾರೆ.