ಮೆಟ್ಟಿಲಿನ ಕಾರ್ಪೆಟ್ ಕೀಳುವ ಮುಂಚೆ ಅಳತೆ ಟೇಪ್ ಹಿಡಿಯಿರಿ

ಅಮೆರಿಕದಲ್ಲಿ ಹಳೇ ಮನೆ ಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೆಟ್ಟಿಲಿನ ಕಾರ್ಪೆಟ್ ಕಿತ್ತು ನಾವೇ ಮರ ಹಾಕಿಬಿಡೋಣ ಅನ್ನಿಸುತ್ತಿದ್ದರೆ ಒಂದು ನಿಮಿಷ ತಡೆಯಿರಿ. ನನ್ನ ಬುದ್ಧಿವಂತಿಕೆಯಿಂದ ಅಮ್ಮನ ಮಣಿಕಟ್ಟು ಮುರಿಯಿತು.

ನಮ್ಮದು ಶಿಕಾಗೊ ಹತ್ತಿರ, 1974ರಲ್ಲಿ ಕಟ್ಟಿದ ಮನೆ. ಕಾರ್ಪೆಟ್ ಅಡಿಯಲ್ಲಿ ಒಳ್ಳೇ ಓಕ್ ಮರ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಗಂಟುಗಂಟಾದ ಪೈನ್ ಹಲಗೆ. ಹೇಗೂ ಮುಚ್ಚಿಹೋಗುತ್ತದಲ್ವಾ ಅಂತ ಕಟ್ಟಿದವರು ಒರಟು ಮರವನ್ನೇ ಬಡಿದಿದ್ದರು. ಒಂದು ಮೂಲೆ ಎತ್ತಿ ನೋಡಿದ್ದರೂ ಗೊತ್ತಾಗುತ್ತಿತ್ತು. ನಾನು ಶನಿವಾರ ಬೆಳಿಗ್ಗೆಯೇ ಪೂರ್ತಿ ಕಿತ್ತುಹಾಕಿದ್ದೆ. ಸ್ಟೇಪಲ್ ಪಿನ್ನು, ಅಂಚಿನ ಮೊಳೆಪಟ್ಟಿ ಕೀಳುವುದರಲ್ಲೇ ಎರಡು ದಿನ ಹೋಯಿತು.

ಪಕ್ಕದ ಹಲಗೆಯ ಬಿಳಿ ಪೇಂಟನ್ನು ಮೆಷಿನ್‌ನಲ್ಲಿ ಉಜ್ಜಿದೆ. ಮನೆಯಲ್ಲಿ ಮೂರು ವರ್ಷದ ಮಗು, ಹಳೇ ಪೇಂಟಿನಲ್ಲಿ ಸೀಸ ಇದ್ದರೆ ಅದರ ಧೂಳು ಮಕ್ಕಳಿಗೆ ವಿಷ. ಇಲ್ಲಿ ಮನೆಗಳಿಗೆ ಸೀಸದ ಪೇಂಟ್ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಪರೀಕ್ಷೆ ಮಾಡಿಸದೆ ಉಜ್ಜಲೇಬಾರದು. ನನಗೆ ಅದು ತಿಳಿದದ್ದು ಧೂಳೆಲ್ಲಾ ಎದ್ದ ಮೇಲೆ. ಪುಣ್ಯಕ್ಕೆ ನಮ್ಮ ಪೇಂಟಿನಲ್ಲಿ ಸೀಸ ಇರಲಿಲ್ಲ.

ನಿಜವಾದ ತಪ್ಪು ಆಮೇಲಿನದು. ಪೈನ್ ಹಲಗೆ ಅಂಕುಡೊಂಕಾಗಿತ್ತು. ಅದರ ಮೇಲೆ ಅರ್ಧ ಇಂಚಿನ ಪ್ಲೈವುಡ್, ಅದರ ಮೇಲೆ ಒಂದು ಇಂಚಿನ ಓಕ್ ಕೂರಿಸಿದೆ. ಮೊದಲಿದ್ದ ಕಾರ್ಪೆಟ್ ತುಳಿದು ತುಳಿದು ಅರ್ಧ ಇಂಚಿಗೆ ಇಳಿದಿತ್ತು. ಅಂದರೆ ಪ್ರತಿ ಮೆಟ್ಟಿಲೂ ಒಂದು ಇಂಚು ಮೇಲೆ ಬಂತು. ನಡುವಿನ ಮೆಟ್ಟಿಲುಗಳಿಗೆ ಏನೂ ಆಗಲಿಲ್ಲ, ಎಲ್ಲವೂ ಒಟ್ಟಿಗೇ ಏರಿದವು. ಆದರೆ ಕೆಳಗಿನ ನೆಲ ಏರಲಿಲ್ಲ, ಮೇಲಿನ ಮಹಡಿಯೂ ಏರಲಿಲ್ಲ. ಏಳೂವರೆ ಇಂಚಿದ್ದ ಕೆಳಗಿನ ಮೆಟ್ಟಿಲು ಎಂಟೂವರೆ ಆಯಿತು, ಮೇಲಿನದು ಆರೂವರೆ. ಇಲ್ಲಿನ ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಳ್ಳುವ ಮಾದರಿ ನಿಯಮದ ಪ್ರಕಾರ, ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನನ್ನದು ಎರಡು ಇಂಚು!

ಕಣ್ಣಿಗೆ ಇದು ಕಾಣುವುದೇ ಇಲ್ಲ. ಪಾಲಿಶ್ ಹೊಳೆಯುತ್ತಿತ್ತು, ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ. ಆದರೆ ಇಳಿಯುವಾಗ ಎರಡು ಮೆಟ್ಟಿಲಿಗೇ ಕಾಲು ಲೆಕ್ಕ ಹಿಡಿದುಬಿಡುತ್ತದೆ, ಆಮೇಲೆ ಯಾರೂ ಕೆಳಗೆ ನೋಡುವುದಿಲ್ಲ. ಮೈಸೂರಿನಿಂದ ಅಮ್ಮ ಬಂದ ನಾಲ್ಕನೇ ದಿನ, ಕಾಫಿ ಲೋಟ ಹಿಡಿದು ಇಳಿಯುತ್ತಾ ಕೊನೆಯಲ್ಲಿ ಮುಗ್ಗರಿಸಿದರು. "ನೆಲ ಸಿಗಲೇ ಇಲ್ಲ ಕಣೋ" ಅಂದರು. ಆರು ವಾರ ಕೈಗೆ ಕಟ್ಟು. ವಿಮೆ ಇದ್ದರೂ ಕೈಯಿಂದ ಹೋದ ದುಡ್ಡು ಓಕ್ ಹಲಗೆಗಿಂತ ಜಾಸ್ತಿ.

ಆಮೇಲೆ ಕರೆಸಿದ ಬಡಗಿ ಮೊದಲು ಮಾಡಿದ ಕೆಲಸ, ಪ್ರತಿ ಮೆಟ್ಟಿಲಿಗೂ ಟೇಪ್ ಹಿಡಿದದ್ದು. ಅದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಪರಿಹಾರವೂ ಸುಲಭದ್ದೇ: ಒಂದು ಇಂಚಿನ ಹಳೇ ಪೈನ್ ಹಲಗೆಯನ್ನು ಮೊದಲೇ ತೆಗೆದು, ಆ ಜಾಗದಲ್ಲಿ ಪ್ಲೈವುಡ್ಡು, ಓಕು ಕೂರಿಸಿದ್ದರೆ ಎತ್ತರ ಹಿಂದಿನಷ್ಟೇ ಇರುತ್ತಿತ್ತು. ನಾನು ಅಂಟು ಹಾಕಿ ಬಡಿದಿದ್ದರಿಂದ ಕೀಳುವಾಗ ಐದು ಓಕ್ ಹಲಗೆ ಸೀಳಿಹೋದವು.

ಈಗ ಎಲ್ಲವೂ ಏಳೂವರೆ ಇಂಚು. ಆದರೂ ಊರಿಗೆ ಹೊರಡುವವರೆಗೂ ಅಮ್ಮ ಕೊನೇ ಮೆಟ್ಟಿಲಿಗೆ ಬಂದಾಗಲೆಲ್ಲ ಒಮ್ಮೆ ನಿಂತು, ಪಾದದ ತುದಿಯಿಂದ ನೆಲ ತಡವಿಯೇ ಇಳಿಯುತ್ತಿದ್ದರು.